ಲಿಂಕಿನ ನಡುವೆ ಶಂಭುಲಿಂಗಪ್ಪ

ಮಗಳ ನಿಶ್ಚಿತಾರ್ಥದ ಫೋಟೋದಲ್ಲಿ ಕಂಪ್ಲಿಯ ಶಂಭುಲಿಂಗಪ್ಪನವರು ಹುಡುಗ ಹುಡುಗಿಯ ನಟ್ಟನಡುವೆ ನಿಂತುಬಿಟ್ಟರು ನೋಡಿ, ಎಲ್ಲದಕ್ಕೂ ಅದೇ ಮೂಲ. ಫೋಟೋ ತೆಗೆಯುವವನು ಮೂರು ಸಲ ಹೇಳಿದ, "ಯಜಮಾನ್ರ, ಸ್ವಲ್ಪ ಸೈಡಿಗೆ ಬರ್ರಿ." ಅವರು ಸೈಡಿಗೆ ಬರುವ ಪೈಕಿ ಅಲ್ಲ. "ಲಗ್ನಕ್ಕ ಮೊದ್ಲು ಹುಡುಗ್ರು ಅಷ್ಟು ಹತ್ರ ನಿಂದ್ರಬಾರ್ದಪ. ನಡುವ ಹಿರ್ಯಾರು ಇರಬೇಕು" ಎಂದು ಕೊರಳ ಹಾರ ಸರಿಮಾಡಿಕೊಂಡು, ಪೇಟವನ್ನು ಒಂದು ಬೆರಳು ಮೇಲಕ್ಕೆ ತಳ್ಳಿ, ಎದೆ ಉಬ್ಬಿಸಿ ನಿಂತರು. ಹಾರ ಬೀಗರು ಹಾಕಿದ್ದು, ಕೇಸರಿ ಪೇಟ ಬೀಗರೇ ಸುತ್ತಿಸಿದ್ದು. ಐವತ್ತನಾಲ್ಕು ವರ್ಷದ ಆ ಮುಖಕ್ಕೆ ಅವತ್ತು ಬಂದ ಕಳೆ ಅವರ ಸ್ವಂತ ಮದುವೆಯ ಫೋಟೋದಲ್ಲೂ ಇಲ್ಲ. ಆ ಫೋಟೋದಲ್ಲಿ ಅವರಿಗೆ ಜ್ವರ ಬಂದಿತ್ತು.

ಶಂಭುಲಿಂಗಪ್ಪ ಯಾರು ಎಂದು ಕೇಳುವವರು ಕಂಪ್ಲಿಯಲ್ಲಿ ಇಲ್ಲ; ಕೇಳುವ ತನಕ ಅವರು ಕಾಯುವುದೂ ಇಲ್ಲ. ಅಕ್ಕಿ ಗಿರಣಿಯ ಮಾಲೀಕರು. ಸಹಕಾರ ಸಂಘವೊಂದರ ಮಾಜಿ ನಿರ್ದೇಶಕರು. ಮಾಜಿಯಾಗಿ ಹನ್ನೊಂದು ವರ್ಷವಾದರೂ ಆ ಪದವಿಯನ್ನು ಅವರು ಒಂದು ದಿನವೂ ಕೆಳಗಿಟ್ಟಿಲ್ಲ. ಇದರ ಮೇಲೆ ಸಮಾಜಸೇವೆ ಬೇರೆ. ದಿನಾ ಬೆಳಿಗ್ಗೆ ಆರಕ್ಕೆ ಎದ್ದು, ಗಿರಣಿಯ ಹಮಾಲರಿಂದ ಹಿಡಿದು ಸಂಡೂರಿನ ಬೀಗರವರೆಗೆ ಎಲ್ಲರ ವಾಟ್ಸ್ಆಪಿಗೂ ಒಂದು ಎಚ್ಚರಿಕೆ ಕಳಿಸುತ್ತಿದ್ದರು: "ಯಾವುದೇ ಲಿಂಕ್ ಒತ್ತಬೇಡಿ. ಯಾರು ಕಳಿಸಿದರೂ ಒತ್ತಬೇಡಿ. ಒತ್ತಿದರೆ ಬ್ಯಾಂಕಿನ ರೊಕ್ಕ ಮಾಯ. ಇಂತಿ, ಶಂಭುಲಿಂಗಪ್ಪ, ಮಾಜಿ ನಿರ್ದೇಶಕರು." ಜನ ಅದನ್ನು ದೇವರ ವಾಕ್ಯದ ಹಾಗೆ ಪಾಲಿಸುತ್ತಿದ್ದರು. ಈ ಸಂಗತಿ ನಿಮ್ಮ ನೆನಪಿನಲ್ಲಿರಲಿ, ಮುಂದೆ ಬೇಕಾಗುತ್ತದೆ.

ಹೀಗಿರುವಾಗ ಗಂಗಾವತಿಯ ಒಬ್ಬ ಗಿರಣಿ ಮಾಲೀಕ ತನ್ನ ಮಗನ ಮದುವೆಗೆ ಕಾಗದದ ಪತ್ರಿಕೆಯ ಜೊತೆಗೆ ಒಂದು ಲಿಂಕನ್ನೂ ಕಳಿಸಿದ. ಫೋನು ತೆಗೆದರೆ ಸಾಕು, ಒತ್ತದೆಯೇ, ಮದುಮಕ್ಕಳ ಫೋಟೋ ಎದ್ದು ಕಾಣುತ್ತಿತ್ತು, ಕೆಳಗೆ ದಪ್ಪಕ್ಷರದಲ್ಲಿ ಹೆಸರು. ಶಂಭುಲಿಂಗಪ್ಪನವರಿಗೆ ಅವತ್ತು ಊಟ ಸೇರಲಿಲ್ಲ. ಮರುದಿನವೇ ನಿಶ್ಚಿತಾರ್ಥದ ಫೋಟೋ ಹಿಡಿದುಕೊಂಡು ಬಸ್ಸು ಹತ್ತಿ ಹೊಸಪೇಟೆಗೆ ಹೋದರು. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಹುಲಿಗೇಶನ ಅಂಗಡಿ. ಹುಟ್ಟುಹಬ್ಬದ ಫ್ಲೆಕ್ಸು, ಲಗ್ನಪತ್ರಿಕೆ, ಇತ್ತೀಚೆಗೆ ಇಂಟರ್ನೆಟ್ಟಿನ ಪೇಜು, ಎಲ್ಲವನ್ನೂ ಅವನು ಒಂದೇ ಕಂಪ್ಯೂಟರಿನಲ್ಲಿ ಮಾಡುತ್ತಿದ್ದ.

"ಪೇಜಿನಾಗ ಎಲ್ಲಾ ಹಾಕ್ತೀನಿ ಅಣ್ಣಾರ" ಎಂದ ಹುಲಿಗೇಶ್. "ಲಿಂಕ್ ಕಳಿಸಿದಾಗ ಮ್ಯಾಲೆ ಕಾಣೋ ಫೋಟೋ ಯಾವ್ದು, ಹೆಡ್ಡಿಂಗ್ ಏನು, ಅದೊಂದು ಹೇಳಿಬಿಡ್ರಿ."

"ಫೋಟೋ ಇದ. ಹೆಡ್ಡಿಂಗ್ ಬರ್ಕೋ. ಶುಭವಿವಾಹ. ಶ್ರೀ ಶಂಭುಲಿಂಗಪ್ಪ, ಅಕ್ಕಿ ಗಿರಣಿ ಮಾಲೀಕರು, ಮಾಜಿ ನಿರ್ದೇಶಕರು, ಸಹಕಾರ ಸಂಘ, ಕಂಪ್ಲಿ, ಇವರ ಏಕೈಕ ಸುಪುತ್ರಿಯಾದ..."

"ಅಣ್ಣಾರ, ಅಷ್ಟುದ್ದ ಹಿಡ್ಯಂಗಿಲ್ಲ. ಎರಡು ಸಾಲಿಗೆ ಕಟ್ ಆಗ್ತದ. ಫೋಟೋನೂ ಹಂಗ. ಚೌಕ ಮಾಡಿ ಎಡಾ ಬಲಾ ಕತ್ತರಿಸ್ತದ. ನಡುವಿಂದಷ್ಟ ಉಳೀತದ."

ಶಂಭುಲಿಂಗಪ್ಪನವರ ಕಿವಿಗೆ ಬಿದ್ದದ್ದು ಕಡೆಯ ಮಾತು ಮಾತ್ರ. ನಡುವಿನದು ಉಳಿಯುತ್ತದೆ ಎಂದ ಮೇಲೆ ಚಿಂತೆ ಯಾತಕ್ಕೆ? ನಡುವೆ ಯಾರಿದ್ದಾರೆ ಎನ್ನುವುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

"ಗೊತ್ತದಪ, ಗೊತ್ತದ. ನಮಗೇನು ಹೊಸದಾ ಇದು?"

"ಮೂರು ಸಾವ್ರ ಆಗ್ತದ್ರಿ. ಒಂದು ವರ್ಷ ಇರ್ತದ. ಮುಂದ ಬೇಕಂದ್ರ ಮತ್ತ ಕಟ್ಟಬೇಕು. ಇನ್ನೊಂದು ಮಾತು ಅಣ್ಣಾರ, ಮಂದಿಗೆ ಕಳ್ಸೋಕಿಂತ ಮೊದ್ಲು ಹೆಂಗ ಕಾಣ್ತದ ಅಂತ ಚೆಕ್ ಮಾಡ್ರಿ. ನಿಮ್ಮ ನಂಬರಿಗೆ ನೀವ ಕಳಿಸ್ಕೊಂಡು ನೋಡ್ರಿ."

ಶಂಭುಲಿಂಗಪ್ಪನವರು ಬಿದ್ದು ಬಿದ್ದು ನಕ್ಕರು. "ಏ ಹುಲಿಗೇಶ, ನಮ್ಮನಿ ಲಗ್ನಕ್ಕ ನಮ್ಮನ್ನ ನಾವ ಕರ್ಕಂತೀವೇನೋ? ಅಕ್ಕಿಕಾಳು ಯಾರ ತಲಿ ಮ್ಯಾಲೆ ಹಾಕ್ಕೊಳ್ಳೂಣು?"

ಆ ನಗುವನ್ನು ಅವರು ಆಮೇಲೆ ಎಷ್ಟೋ ಸಲ ವಾಪಸು ತೆಗೆದುಕೊಳ್ಳಬೇಕಾಯಿತು.

ಶುಕ್ರವಾರ ಬೆಳಿಗ್ಗೆ ಲಿಂಕು ಬಂತು. ಶಂಭುಲಿಂಗಪ್ಪನವರು ಗಿರಣಿಯ ಕಚೇರಿಯಲ್ಲಿ ಕುಳಿತು ತೆರೆದರು. ಆಹಾ! ಚೌಕದ ತುಂಬ ಅವರೇ. ಕೇಸರಿ ಪೇಟ, ಮಲ್ಲಿಗೆ ಹಾರ, ಮೀಸೆಯ ಅಡಿಯಲ್ಲಿ ಆ ನಗು. ಕೆಳಗೆ ದಪ್ಪಕ್ಷರದಲ್ಲಿ "ಶುಭವಿವಾಹ: ಶ್ರೀ ಶಂಭುಲಿಂಗಪ್ಪ, ಅಕ್ಕಿ ಗಿರಣಿ ಮಾಲೀಕರು, ಮಾಜಿ ನಿರ್ದೇಶಕ" ಎಂದು, ಮುಂದೆ ಮೂರು ಚುಕ್ಕಿ. ಬಲಗಡೆ ನಿಂತಿದ್ದ ಅಳಿಯ ಶರಣಬಸವ ಪೂರ್ತಿ ಹೋಗಿದ್ದ. ಎಡಗಡೆ ನಿಂತಿದ್ದ ಮಗಳು ತ್ರಿವೇಣಿಯೂ ಹೋಗಿದ್ದಳು. ಅಪ್ಪನ ತೋಳು ಹಿಡಿದಿದ್ದ ಅವಳ ಮುಂಗೈ ಮಾತ್ರ, ಹಸಿರು ಬಳೆ ಸಮೇತ, ಉಳಿದುಕೊಂಡಿತ್ತು. ಇದರಲ್ಲಿ ಏನೋ ಕಡಿಮೆಯಾಗಿದೆ ಎಂದು ಬೇರೆ ಯಾರಿಗಾದರೂ ಅನಿಸಬಹುದಿತ್ತು. ಶಂಭುಲಿಂಗಪ್ಪನವರಿಗೆ ಅನಿಸಲಿಲ್ಲ. "ಭಲೇ ಹುಲಿಗೇಶ!" ಎಂದು ಮೇಜು ಗುದ್ದಿದರು.

ಆದರೂ ಬೇರೆಯವರ ಫೋನಿನಲ್ಲಿ ಹೇಗೆ ಕಾಣುತ್ತದೆ ಎಂದು ತಿಳಿಯಬೇಕಲ್ಲ? ಇಲ್ಲಿ ಒಂದು ಧರ್ಮಸಂಕಟ ಎದುರಾಯಿತು. ಅವರ ಮನೆತನದಲ್ಲಿ ಮೊದಲ ಪತ್ರಿಕೆ ಹಂಪಿಯ ವಿರೂಪಾಕ್ಷನ ಪಾದಕ್ಕೆ. ಅದಕ್ಕೆ ಸೋಮವಾರ ಗೊತ್ತಾಗಿತ್ತು. ಎರಡನೆಯದು ಹುಡುಗಿಯ ಸೋದರಮಾವನಿಗೆ, ಅಂದರೆ ಹೆಂಡತಿ ಸುಧಾರಾಣಿಯವರ ಅಣ್ಣ, ಬಂಡ್ರಿಯ ಅಂದಾನಪ್ಪನವರಿಗೆ. ತ್ರಿವೇಣಿಯ ಕೈ ಹಿಡಿದು ಮಂಟಪಕ್ಕೆ ಕರೆತರುವವರು ಅವರೇ. ಅಂದಾನಪ್ಪನವರು ಮರ್ಯಾದೆಯ ವಿಷಯದಲ್ಲಿ ಭಾಳ ನಾಜೂಕು. ಹಿಂದೆ ಯಾರದೋ ಗೃಹಪ್ರವೇಶದ ಪತ್ರಿಕೆಯಲ್ಲಿ ಅವರ ಹೆಸರು ಎರಡನೇ ಸಾಲಿಗೆ ಹೋಯಿತೆಂದು, ಹೋಗಿ, ಊಟದ ಪಂಕ್ತಿಯಲ್ಲಿ ಕೂತು, ಬರೀ ನೀರು ಕುಡಿದು ಎದ್ದು ಬಂದಿದ್ದರು.

ಹಾಗಾಗಿ ಚೆಕ್ಕಿಂಗನ್ನು ಲೆಕ್ಕಕ್ಕೆ ಬಾರದವರ ಮೇಲೆ ಮಾಡಬೇಕು ಎಂದು ಶಂಭುಲಿಂಗಪ್ಪನವರು ತೀರ್ಮಾನಿಸಿದರು. ಸುಧಾರಾಣಿ ಹಪ್ಪಳ ಸಂಡಿಗೆ ಮಾಡಿಸಲು ನಾಲ್ಕು ದಿನದಿಂದ ಬಂಡ್ರಿಯಲ್ಲೇ ಇದ್ದರು. ತ್ರಿವೇಣಿ ಹೊಸಪೇಟೆಯ ಕಾಲೇಜಿಗೆ ಪಾಠ ಹೇಳಲು ಹೋಗಿದ್ದಳು. ತಡೆಯುವವರು ಯಾರೂ ಇರಲಿಲ್ಲ.

ಮೊದಲು ಆಯ್ಕೆಯಾದವನು ಎಮ್ಮಿಗನೂರಿನ ಹೊನ್ನೂರುಸ್ವಾಮಿ, ಹಮಾಲರ ಮುಖಂಡ. ಕಿಟಕಿಯಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ ಚೀಲ ಹೊರಿಸುತ್ತಿದ್ದ. ಆದರೂ ಲಿಂಕು ಲಿಂಕಿನ ದಾರಿಯಲ್ಲೇ ಹೋಗಬೇಕು. ಶಂಭುಲಿಂಗಪ್ಪನವರು ಲಿಂಕಿನ ಕೆಳಗೆ ಹೀಗೆ ಬರೆದರು: "ಹೆಂಗ ಕಾಣ್ತದ ನೋಡಿ ಹೇಳು. ಬರೀ ಚೆಕ್ಕಿಂಗ್. ಸದ್ಯಕ್ಕ ಯಾರಿಗೂ ಹೇಳಬ್ಯಾಡ. ಮುಖ್ಯ, ಬಂಡ್ರಿಯವರಿಗೆ ಗೊತ್ತಾಗಬಾರ್ದು."

ಹೊನ್ನೂರುಸ್ವಾಮಿ ಫೋನು ನೋಡಿದ. ಕಚೇರಿಯ ಕಿಟಕಿ ನೋಡಿದ. ಮತ್ತೆ ಫೋನು ನೋಡಿದ. ಒತ್ತಲಿಲ್ಲ, ಒತ್ತಬಾರದೆಂದು ಮಾಲೀಕರೇ ದಿನಾ ಹೇಳುತ್ತಾರಲ್ಲ. ಕಣದಲ್ಲಿ ಭತ್ತ ಕೆದಕುತ್ತಿದ್ದ ತನ್ನ ಚಿಗವ್ವ ಹೊನ್ನೂರಮ್ಮನ ಮುಂದೆ ಫೋನು ಹಿಡಿದ.

"ಅಯ್ಯಯ್ಯವ್ವಾ!" ಹೊನ್ನೂರಮ್ಮನ ಕೈಯಿಂದ ಗೋರುಮಣೆ ಜಾರಿ ಬಿತ್ತು. "ಅರವತ್ತಕ್ಕ ಅರಳು ಮರಳು ಅಂತಾರ, ಇವ್ರಿಗೆ ಆರು ವರ್ಷ ಮೊದ್ಲ ಬಂತಲ್ಲೋ!"

"ಮಗಳ ಲಗ್ನದ್ದು ಇರಬೇಕು ಚಿಗವ್ವ."

"ಮಗಳ ಹೆಸ್ರು ಎಲ್ಲೈತಿ ಓದು? ಫೋಟೋ ಯಾರ್ದೈತಿ? ಮಗಳ ಲಗ್ನದ ಚಪ್ಪರದಾಗ ತಂದೂ ಮುಗಿಸ್ಕೊಳ್ಳಾಕ ನೋಡ್ಯಾರ! ಒಂದ ಚಪ್ಪರ, ಒಂದ ಅಡಿಗಿ! ಇದು ಯಾರ ಕೈಯೋ, ಹಸ್ರು ಬಳಿ? ನುಣ್ಣಗ ಐತಿ, ಸಣ್ಣ ವಯಸ್ಸಿನಾಕಿ. ಅದಕ್ಕ ಅಕ್ಕಾರು ನಾಕು ದಿನ ಆತು ತವರಿಗೆ ಹೋಗಿ ಕುಂತಾರ, ಪಾಪ! ಬಂಗಾರದಂಥ ಹೆಣ್ಮಗಳು!"

ಹತ್ತು ನಿಮಿಷ ಕಳೆದರೂ ಉತ್ತರ ಬರಲಿಲ್ಲವೆಂದು ಶಂಭುಲಿಂಗಪ್ಪನವರೇ ಕಿಟಕಿಯಿಂದ ತಲೆ ಹೊರಗೆ ಹಾಕಿದರು. "ಏನೋ ಹೊನ್ನೂರ, ಹೆಂಗ ಕಾಣ್ತದ?"

ಅನ್ನದ ಋಣ, ಹೊನ್ನೂರುಸ್ವಾಮಿ ಏನು ಹೇಳಿಯಾನು? "ಹರೇದೋರ ಕಂಡಂಗ ಕಾಣ್ತೀರಿ ಯಜಮಾನ್ರ" ಎಂದು ನೆಲ ನೋಡಿದ.

ಶಂಭುಲಿಂಗಪ್ಪನವರಿಗೆ ಉಮೇದು ಉಕ್ಕಿತು. ಇನ್ನೊಂದು ಚೆಕ್ಕಿಂಗ್ ಆಗಲೇಬೇಕು, ಈ ಸಲ ಓದಿದವರ ಹತ್ತಿರ. ಲಿಂಕು ಜಂಬಯ್ಯನಿಗೆ ಹೋಯಿತು, ಅದೇ ಅಡಿಬರಹದ ಸಮೇತ. ಜಂಬಯ್ಯ ಒಂದು ಸರ್ಕಾರಿ ಕಚೇರಿಯ ಗುಮಾಸ್ತ, ಶಂಭುಲಿಂಗಪ್ಪನವರ ಚಹಾದ ಜೊತೆಗಾರ. ಇಪ್ಪತ್ತಾರು ವರ್ಷದ ಸರ್ವಿಸಿನಲ್ಲಿ ಯಾವ ಮಾತನ್ನೂ ನೇರವಾಗಿ ಆಡಿ ಸಿಕ್ಕಿಬಿದ್ದವನಲ್ಲ. ನೋಡಿದವನೇ ಕಚೇರಿಯಿಂದ ಎದ್ದು, ಹೊರಗೆ ಬೇವಿನ ಮರದ ಕೆಳಗೆ ನಿಂತು ಫೋನು ಮಾಡಿದ.

"ನೋಡಿದೆ ಸಾಹುಕಾರ್ರ. ನಿಮ್ಮ ಧೈರ್ಯ ಮೆಚ್ಚಬೇಕು. ಈ ವಯಸ್ಸಿನಾಗ ಇಂಥಾದ್ದಕ್ಕೆ ಕೈ ಹಾಕಿರಿ."

"ವಯಸ್ಸು ಏನ್ ಮಾಡ್ತದ ಜಂಬಯ್ಯ? ಮನಸ್ಸು ಹರೇದ್ದಿರಬೇಕು. ಗಂಗಾವತಿಯವ ಮಾಡ್ಯಾನ, ನಾ ಯಾಕ ಮಾಡಬಾರ್ದು?"

"ಅವರೂ ಮಾಡಿದ್ರೇನ್ರಿ!" ಜಂಬಯ್ಯ ಮರಕ್ಕೆ ಆತುಕೊಂಡ. "ಮತ್ತ... ಅಕ್ಕಾರಿಗೆ ಗೊತ್ತೈತೇನ್ರಿ?"

"ಆಕಿಗೆ ಇದೆಲ್ಲಾ ಏನ್ ತಿಳೀತದ? ಬಂಡ್ರಿಯಿಂದ ಬಂದ ಮ್ಯಾಲೆ ತೋರ್ಸಿದ್ರಾತು. ನೋಡಿ ಖುಷಿ ಪಡ್ತಾಳ."

"ಖುಷಿ! ಆಗ್ಲಿ, ಆಗ್ಲಿ. ಯಾರು ಗೊತ್ತು ಮಾಡಿದ್ರು?"

"ಹೊಸಪ್ಯಾಟಿ ಹುಲಿಗೇಶ. ಮೂರು ಸಾವ್ರದಾಗ ಮುಗಿಸಿಕೊಟ್ಟ."

"ಮೂರ ಸಾವ್ರ?"

"ಅದೂ ಒಂದು ವರ್ಷಕ್ಕಷ್ಟ. ವರ್ಷ ಆದ ಮ್ಯಾಲೆ ತಾನ ಹೋಗಿಬಿಡ್ತದ. ಬೇಕು ಅನ್ನಿಸಿದ್ರ ಮತ್ತ ಮೂರು ಸಾವ್ರ ಕಟ್ಟಿ ಇಟ್ಕೋಬೌದು. ನಿನಗೂ ಬೇಕಂದ್ರ ಹೇಳು, ಕಡಿಮಿ ಮಾಡಿಸ್ತೀನಿ."

"ನನಗ ಬ್ಯಾಡ್ರಿ!" ಎಂದು ಜಂಬಯ್ಯ ಕಿರುಚಿದ್ದು ಕಚೇರಿಯೊಳಗಿನವರಿಗೂ ಕೇಳಿಸಿತು. ಫೋನು ಇಟ್ಟ ಮೇಲೆ ಅವನು ಬಹಳ ಹೊತ್ತು ಯೋಚಿಸಿದ. ಕಣ್ಣಾರೆ ಕಂಡು ಸುಮ್ಮನಿದ್ದರೆ ನಾಳೆ ಸಾಕ್ಷಿಗೆ ಕರೆದಾರು. ಬಂಡ್ರಿಯ ಅಂದಾನಪ್ಪನವರ ನಂಬರು ಅವನ ಹತ್ತಿರ ಇತ್ತು. ಲಿಂಕನ್ನೂ ಅದರ ಕೆಳಗಿನ ಒಕ್ಕಣೆಯನ್ನೂ ಹಾಗೆಯೇ ಮುಂದಕ್ಕೆ ತಳ್ಳಿ, "ತಮ್ಮ ಅವಗಾಹನೆಗಾಗಿ" ಎಂದು ಒಂದು ಸಾಲು ಸೇರಿಸಿ, ತನ್ನ ಫೋನಿನಿಂದ ಎಲ್ಲವನ್ನೂ ಅಳಿಸಿ, ಕೈ ತೊಳೆದುಕೊಂಡು ಬಂದು ಕುಳಿತ.

ಮಧ್ಯಾಹ್ನ ಹನ್ನೆರಡಕ್ಕೆ ಶಂಭುಲಿಂಗಪ್ಪನವರ ಫೋನು ಹೊಡೆದುಕೊಂಡಿತು.

"ಶಂಭುಲಿಂಗಾ!" ಅಂದಾನಪ್ಪನವರ ದನಿ. ತಂಗಿಯ ಗಂಡನೆಂದು ಇಪ್ಪತ್ತೇಳು ವರ್ಷ "ರೀ" ಹಚ್ಚಿ ಮಾತಾಡಿದ ಮನುಷ್ಯ ಏಕವಚನಕ್ಕೆ ಇಳಿದಿದ್ದರು. "ಅದೇನೋ ಫೋನಿನಾಗ ಕಳಿಸಿಯಲ್ಲ, ನೋಡಿದೆ."

ಶಂಭುಲಿಂಗಪ್ಪನವರು ಕುರ್ಚಿಯಿಂದ ಎದ್ದು ನಿಂತರು. "ಭಾವಾರ! ನಿಮಗ ಬಂತಾ ಅದು? ಅಯ್ಯೋ, ನಿಮಗ ಈಗ ಗೊತ್ತಾಗಬಾರ್ದಿತ್ತು!"

"ಹೌದ? ಮತ್ತ್ಯಾವಾಗ ಗೊತ್ತಾಗಬೇಕಿತ್ತು?"

"ಸೋಮವಾರ ಹಂಪಿಗೆ ಹೋಗಿ ದೇವ್ರಿಗೆ ಹೇಳಿ, ಆಮ್ಯಾಲೆ ನಾನ ನಿಮ್ಮನಿಗೆ ಬಂದು..."

"ದೇವ್ರಿಗೆ ಬ್ಯಾರೆ ಹೇಳ್ತೀಯಾ! ಅಲ್ಲೇ ಇರು. ಎಲ್ಲೂ ಹೋಗಬ್ಯಾಡ. ಸಂಡೂರಿನಾಗ ನಿನ್ನ ಬೀಗರನ್ನೂ ಜೀಪು ಹತ್ತಿಸ್ಕೊಂಡು ಬರಾಕತ್ತೀನಿ."

ಮುಗಿಯಿತು. ಹಮಾಲನಿಗೆ ಮೊದಲು, ಗುಮಾಸ್ತನಿಗೆ ಎರಡನೆಯದು, ಸೋದರಮಾವನಿಗೆ ಯಾರಿಂದಲೋ ಮೂರನೆಯದು! ಆ ಸಿಟ್ಟು ಸುಮ್ಮನೆ ಇಳಿಯುವುದಲ್ಲ. ಅಂದಾನಪ್ಪ ಕೈ ಹಿಡಿದು ಕರೆತರಲಿಲ್ಲ ಎಂದರೆ ತ್ರಿವೇಣಿ ಮಂಟಪಕ್ಕೆ ಹೇಗೆ ಬರಬೇಕು? ತಾಯಿಯ ತವರೇ ಬಾರದ ಮದುವೆ ಎಂದು ಸಂಡೂರಿನವರು ಕಡೆತನಕ ಆಡಿಕೊಳ್ಳಲಿಕ್ಕಿಲ್ಲವೆ? ಒಬ್ಬಳೇ ಮಗಳು. ಶಂಭುಲಿಂಗಪ್ಪನವರಿಗೆ ಕೈಕಾಲು ಆಡಲಿಲ್ಲ. ಆಡಿದ ಮೇಲೆ ಒಂದೇ ಉಪಾಯ ಹೊಳೆಯಿತು: ಬಂದ ಕೂಡಲೇ, ಜೀಪಿನಿಂದ ಇಳಿಯುವ ಮೊದಲೇ, ಶಾಸ್ತ್ರೋಕ್ತವಾಗಿ ಕರೆದುಬಿಡುವುದು.

"ಹೊನ್ನೂರ! ಜಲ್ದಿ ತೆಂಗಿನಕಾಯಿ, ಎಲಿ ಅಡಿಕಿ, ಅರಿಷಿಣ ಕುಂಕುಮ ತಗೊಂಬಾ. ಹೂವಿನ ಹಾರನೂ ತಾ, ದೊಡ್ಡದು! ಮನಿಗೆ ಹೋಗಿ ನನ್ನ ರೇಷ್ಮಿ ಪಂಚೆ, ಆ ಕೇಸರಿ ಪೇಟ ಎತ್ಕೊಂಬಾ!"

ಹೊನ್ನೂರುಸ್ವಾಮಿ ಚಿಗವ್ವನ ಕಡೆ ಒಮ್ಮೆ ನೋಡಿದ. "ಇವತ್ತನ ಏನ್ರಿ ಯಜಮಾನ್ರ?"

"ಹ್ಞೂ, ಇವತ್ತ! ತಡ ಆದ್ರ ಎಲ್ಲಾ ಕೆಡ್ತತಿ! ಬಂಡ್ರಿಯವ್ರು ಬರಾಕತ್ಯಾರ!"

ಗಿರಣಿ ನಿಂತಿತು. ಹಮಾಲರು ಚೀಲ ಇಳಿಸಿ ಬಂದರು. ಹೊನ್ನೂರಮ್ಮ ಸೆರಗು ಬಾಯಿಗೆ ಹಿಡಿದು ಭತ್ತದ ರಾಶಿಯ ಪಕ್ಕದಲ್ಲಿ ಕುಳಿತಳು. ಎದುರಿನ ಚಹಾದ ಅಂಗಡಿಯವನು ಒಲೆ ಸಣ್ಣ ಮಾಡಿ ಬಂದ. ಇಷ್ಟು ಜನ ಯಾಕೆ ಸೇರಿದ್ದಾರೆ ಎಂದು ಶಂಭುಲಿಂಗಪ್ಪನವರು ಕೇಳಲಿಲ್ಲ. ತಮ್ಮ ಕಷ್ಟದಲ್ಲಿ ಜೊತೆ ನಿಲ್ಲಲು ಬಂದಿದ್ದಾರೆ ಎಂದುಕೊಂಡು ಕಣ್ಣು ಒರೆಸಿಕೊಂಡರು.

ಮೂರು ಗಂಟೆಗೆ ಜೀಪು ಧೂಳೆಬ್ಬಿಸಿಕೊಂಡು ಬಂದು ನಿಂತಿತು. ಗಿರಣಿಯ ಬಾಗಿಲಲ್ಲಿ ಶಂಭುಲಿಂಗಪ್ಪನವರು ರೇಷ್ಮೆ ಪಂಚೆ ಉಟ್ಟು, ಕೇಸರಿ ಪೇಟ ಸುತ್ತಿ, ಒಂದು ಕೈಯಲ್ಲಿ ಹಾರ, ಇನ್ನೊಂದು ಕೈಯಲ್ಲಿ ತಟ್ಟೆ ಹಿಡಿದು ನಿಂತಿದ್ದರು.

ಅಂದಾನಪ್ಪನವರು ಇಳಿದು, ಮೇಲಿನಿಂದ ಕೆಳಗಿನವರೆಗೆ ಒಮ್ಮೆ ನೋಡಿ, ಹಿಂದೆ ಇಳಿದ ಬೀಗರ ಕಡೆ ತಿರುಗಿದರು. "ನೋಡ್ರಿ ಪಂಪಣ್ಣಾರ! ಸುಳ್ಳು ಅಂದ್ರಿ. ಹಾರ ಹಿಡ್ಕೊಂಡ ನಿಂತಾನ!"

"ಭಾವಾರ, ತಪ್ಪಾತು!" ಶಂಭುಲಿಂಗಪ್ಪನವರು ಬಾಗಿದರು. "ಮೊದ್ಲು ನಿಮಗ ಹೇಳಬೇಕಿತ್ತು."

"ಮೊದ್ಲು ಹೇಳಿದ್ರ ಹ್ಞೂ ಅಂತಿದ್ದೆ ಅಂದ್ಕೊಂಡಿಯೇನು?"

"ಅನ್ನದ ಬಿಡ್ತೀರಾ? ನೀವ ಮುಂದ ನಿಂತು ಮಾಡಿಸಬೇಕು! ನೀವ ಕೈ ಹಿಡ್ಕೊಂಡು ಮಂಟಪಕ್ಕ ಕರ್ಕೊಂಬರಬೇಕು!"

"ನಾನು! ಆಕಿ ಕೈ ಹಿಡ್ಕೊಂಡು!" ಅಂದಾನಪ್ಪನವರಿಗೆ ಕೆಮ್ಮು ಬಂತು. ಯಾರೋ ನೀರು ಕೊಟ್ಟರು. ಅವರು ಕುಡಿಯಲಿಲ್ಲ.

ಬೀಗರಾದ ಸಂಡೂರಿನ ಪಂಪಣ್ಣನವರು ಮೆತ್ತಗಿನ ಮನುಷ್ಯ. ಆದರೆ ಅವರೂ ಅವತ್ತು ಮುಖ ಗಂಟು ಹಾಕಿದ್ದರು. "ಬೀಗರ, ನಿಮ್ಮನಿ ವಿಷಯ ನಿಮಗ. ಆದ್ರ ಮಾವ ಆಗೋರು ಮದುಮಗ ಆದ ಚಪ್ಪರದಾಗ ನಮ್ಮ ಹುಡುಗ ಕುಂದ್ರಂಗಿಲ್ಲ. ಈ ಲಗ್ನ ಇಲ್ಲಿಗೆ ನಿಂತಂಗ ತಿಳ್ಕೊಳ್ರಿ."

ತಟ್ಟೆ ಕೈಜಾರಿತು. ತೆಂಗಿನಕಾಯಿ ಉರುಳಿ ಭತ್ತದ ರಾಶಿಯತ್ತ ಹೋಯಿತು. "ಮದುಮಗ? ಯಾರು ಮದುಮಗ?"

"ಇದು ಯಾರು?" ಅಂದಾನಪ್ಪನವರು ತಮ್ಮ ಫೋನನ್ನು ಅವರ ಮೂಗಿಗೆ ಹಿಡಿದರು. "ಹೇಳು! ಈ ಬಳಿ ಕೈ ಯಾರ್ದು?"

"ನಮ್ಮ ತ್ರಿವೇಣಿದು!"

ಇಡೀ ಕಣ "ಶಿವ ಶಿವಾ!" ಎಂದಿತು. ಹೊನ್ನೂರಮ್ಮ ಎರಡೂ ಕಿವಿ ಮುಚ್ಚಿಕೊಂಡಳು.

ಅಷ್ಟರಲ್ಲಿ ಜೀಪಿನ ಹಿಂದಿನಿಂದ ಸುಧಾರಾಣಿಯವರು, ಸಂಡಿಗೆಯ ಡಬ್ಬ ಸಮೇತ, ನಿಧಾನವಾಗಿ ಇಳಿದರು. ಬಂಡ್ರಿಯಿಂದ ಕಂಪ್ಲಿಯ ತನಕ ಅಣ್ಣ ಅವರಿಗೆ ಫೋನು ತೋರಿಸಿರಲಿಲ್ಲ. "ನೀ ನೋಡಬ್ಯಾಡವ್ವ, ಎದಿ ಒಡ್ಕೊಂತೀ" ಎಂದಷ್ಟೇ ಹೇಳಿ ಕರೆತಂದಿದ್ದರು. ಈಗ ಅವರು ಗಂಡನನ್ನು ನೋಡಿದರು, ಪೇಟ ನೋಡಿದರು, ಅಣ್ಣನ ಕೈಯಿಂದ ಫೋನು ಕಸಿದುಕೊಂಡು ಅದನ್ನೂ ನೋಡಿದರು.

"ಇದಕ್ಕ ನನ್ನ ಹಪ್ಪಳ ಅರ್ಧಕ್ಕ ಬಿಡಿಸಿ ಕರ್ಕೊಂಬಂದಿಯೇನಣ್ಣ? ಬನಿಯನ್ ಎಲ್ಲೈತಿ ಅಂತ ಕೇಳಾಕ ನಿನ್ನಿ ಮೂರು ಸಲ ಫೋನ್ ಮಾಡಿದ ಮನುಷ್ಯ ಇವರು. ಇವ್ರಿಗೆ ಇನ್ನೊಬ್ಬಾಕಿ? ಯಾವಾಕಿ ಬರ್ತಾಳ?"

ಶಂಭುಲಿಂಗಪ್ಪನವರಿಗೆ ಇದು ಸಮರ್ಥನೆಯೋ ಅವಮಾನವೋ ತಿಳಿಯಲಿಲ್ಲ. ಸದ್ಯಕ್ಕೆ ಸಮರ್ಥನೆ ಎಂದೇ ಇಟ್ಟುಕೊಂಡರು.

"ಹಂಗಾದ್ರ ಈ ಫೋಟೋ?" ಎಂದರು ಅಂದಾನಪ್ಪ.

"ಇದನ್ನ ಯಾರರ ಒತ್ತಿ ನೋಡಿರೇನು?"

ಪಂಪಣ್ಣನವರು ಹೊನ್ನೂರುಸ್ವಾಮಿಯನ್ನು ನೋಡಿದರು, ಹೊನ್ನೂರುಸ್ವಾಮಿ ಚಹಾದವನನ್ನು ನೋಡಿದ. ಕಡೆಗೆ ಅಂದಾನಪ್ಪನವರೇ ತಗ್ಗಿದ ದನಿಯಲ್ಲಿ ಹೇಳಿದರು, "ಒತ್ತಬಾರ್ದಲ್ಲವ್ವ. ಒತ್ತಿದ್ರ ರೊಕ್ಕ ಹೋಗ್ತದ. ನಿನ್ನ ಗಂಡನ ದಿನಾ ಮುಂಜಾನೆ ಕಳಿಸ್ತಾನ."

ಸುಧಾರಾಣಿಯವರು ಹೆಬ್ಬೆರಳಿನಿಂದ ಒತ್ತಿದರು. ಕಣದಲ್ಲಿದ್ದ ಅಷ್ಟೂ ಜನ ಒಂದು ಹೆಜ್ಜೆ ಹಿಂದೆ ಸರಿದರು. ಪೇಜು ತೆರೆದುಕೊಂಡಿತು. ಮೇಲೆ ವಿರೂಪಾಕ್ಷ. ಕೆಳಗೆ ಇಡೀ ಫೋಟೋ: ಈ ಕಡೆ ತ್ರಿವೇಣಿ, ಆ ಕಡೆ ಶರಣಬಸವ, ನಡುವೆ ಕಂಬದ ಹಾಗೆ ಶಂಭುಲಿಂಗಪ್ಪ. ಅದರ ಕೆಳಗೆ ಇಡೀ ಒಕ್ಕಣೆ. ಮಾಜಿ ನಿರ್ದೇಶಕರನ್ನು ದಾಟಿ, ಗಿರಣಿಯನ್ನು ದಾಟಿ, ಐದನೇ ಸಾಲಿನಲ್ಲಿ ಮಗಳ ಹೆಸರು.

ಪಂಪಣ್ಣನವರು ಓದಿ, ಮೊದಲು ತುಟಿ ಕಚ್ಚಿದರು, ಆಮೇಲೆ ತಡೆಯಲಾರದೆ ಹೋ ಎಂದು ನಕ್ಕರು. "ಅಲ್ರೀ ಬೀಗರ, ಮದುಮಕ್ಕಳನ್ನ ಕತ್ತರಿಸಿ ಬಿಸಾಕಿ ನೀವ ಉಳ್ಕೊಂಡೀರಲ್ರೀ!" ಹಮಾಲರಿಗೆ ಅಷ್ಟು ಸಾಕಾಯಿತು. ಹೊನ್ನೂರುಸ್ವಾಮಿ ಚೀಲದ ಮೇಲೆ ಬಿದ್ದು ಹೊರಳಾಡಿ ನಕ್ಕ. ಹೊನ್ನೂರಮ್ಮ, "ನನಗ ಆಗ್ಲೇ ಅನುಮಾನ ಇತ್ತು, ನಮ್ಮ ಯಜಮಾನ್ರು ಅಂಥೋರಲ್ಲ" ಎಂದು ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದಳು.

ಹೊಸಪೇಟೆಗೆ ಫೋನು ಹೋಯಿತು. ಹುಲಿಗೇಶ್ ಹೇಳಿದ, "ನಾ ಅವತ್ತ ಹೇಳಿದ್ದೆ ಅಣ್ಣಾರ. ಇರ್ಲಿ, ಹೆಡ್ಡಿಂಗ್ ಸಣ್ಣದು ಮಾಡ್ತೀನಿ. ಆದ್ರ ನಡುವ ನೀವಿಲ್ಲದ ಫೋಟೋ ಕಳಿಸ್ರಿ."

ಅಂಥದ್ದು ಇರಲಿಲ್ಲ. ನಿಶ್ಚಿತಾರ್ಥದ ನಲವತ್ತು ಫೋಟೋಗಳಲ್ಲೂ ನಡುವೆ ಶಂಭುಲಿಂಗಪ್ಪನವರೇ ಇದ್ದರು. ಆ ಹೊತ್ತಿಗೆ ಸರಿಯಾಗಿ ತ್ರಿವೇಣಿ ಕಾಲೇಜು ಮುಗಿಸಿ ಬಂದಳು. ಎಲ್ಲರೂ ಒಟ್ಟಿಗೆ ಹೇಳಿದ ಕಥೆ ಕೇಳಿ, ಹೊಟ್ಟೆ ಹಿಡಿದುಕೊಂಡು ನಕ್ಕು, ಆಮೇಲೆ ಸ್ವಲ್ಪ ತಡವರಿಸಿ ತನ್ನ ಫೋನು ತೆಗೆದಳು. ಹಂಪಿಯ ಒಂದು ಕಲ್ಲುಮಂಟಪದ ಮೆಟ್ಟಿಲ ಮೇಲೆ ತ್ರಿವೇಣಿ, ಶರಣಬಸವ. ಇಬ್ಬರೂ ಹತ್ತಿರ ಹತ್ತಿರ, ನಡುವೆ ಗಾಳಿಗೂ ಜಾಗವಿಲ್ಲ.

"ಇದು ಯಾವಾಗ ಹೋಗಿದ್ರಿ?" ಎಂದರು ಶಂಭುಲಿಂಗಪ್ಪ.

"ಟೈರ್ ತರಾಕ ಹೋಗ್ತೀನಿ ಅಂದಿದ್ನಲ್ಲ ಅವತ್ತು!" ಎಂದರು ಪಂಪಣ್ಣ.

"ನಾನ ಕಳ್ಸಿದ್ದೆ" ಎಂದರು ಸುಧಾರಾಣಿ. ಅಲ್ಲಿಗೆ ವಿಚಾರಣೆ ಮುಗಿಯಿತು.

ಹುಲಿಗೇಶ್ ಹತ್ತು ನಿಮಿಷದಲ್ಲಿ ಎಲ್ಲ ಬದಲಿಸಿದೆನೆಂದ. ಶಂಭುಲಿಂಗಪ್ಪನವರು ಅದೇ ಲಿಂಕನ್ನು ಮತ್ತೆ ಅಂಟಿಸಿದರು. ಎದ್ದು ಬಂದವರು ಯಾರು? ಮತ್ತೆ ಕೇಸರಿ ಪೇಟದ ಶಂಭುಲಿಂಗಪ್ಪನವರೇ! ಕಣದಲ್ಲಿ ಮತ್ತೊಮ್ಮೆ ಹುಯಿಲೆದ್ದಿತು.

"ಹಳೇ ಫೋಟೋನ ಅದು ನೆನಪಿಟ್ಕೊಂಡಿರ್ತದ ಅಣ್ಣಾರ" ಎಂದ ಹುಲಿಗೇಶ್. "ಲಿಂಕಿನ ಕೊನಿಗೆ ಒಂದು ಅಂಕಿ ಹಚ್ಚಿ ಹೊಸದು ಕಳಿಸ್ತೀನಿ. ಈ ಸಲ ದಯಮಾಡಿ ಯಾರಿಗೂ ಕಳ್ಸಬ್ಯಾಡ್ರಿ. ಮೊದ್ಲು ಚೆಕ್ ಮಾಡ್ರಿ."

"ಚೆಕ್ ಮಾಡಾಕ ಯಾರಿಗೆ ಕಳಿಸ್ಲಿ?" ಶಂಭುಲಿಂಗಪ್ಪನವರು ತಲೆ ಎತ್ತಿ ನೋಡಿದರು. ಹೊನ್ನೂರುಸ್ವಾಮಿ ಎರಡೂ ಕೈ ಜೋಡಿಸಿದ. "ನನಗ ಬ್ಯಾಡ್ರಿ ಯಜಮಾನ್ರ, ಮಕ್ಕಳೊಂದಿಗ."

ಅಂದಾನಪ್ಪನವರು ಉರುಳಿಹೋಗಿದ್ದ ತೆಂಗಿನಕಾಯಿ ಎತ್ತಿ ತಟ್ಟೆಯಲ್ಲಿಟ್ಟರು. ಅವರ ಮಾತು ಬಹುವಚನಕ್ಕೆ ಮರಳಿತ್ತು. "ಕೇಳ್ರಿ ಶಂಭಣ್ಣ. ಸೋಮವಾರ ಹಂಪಿ. ಮಂಗಳವಾರ ಬಂಡ್ರಿ, ನೀವಿಬ್ರೂ ಬಂದು ಅಕ್ಕಿಕಾಳು ಕೊಟ್ಟು ಕರೀಬೇಕು, ಊಟ ನಮ್ಮನ್ಯಾಗ. ಬುಧವಾರದಿಂದ ಈ ಲಿಂಕು ಊರಿಗೆ. ನನ್ನ ಸೊಸಿ ಕೈ ಹಿಡಿದು ಮಂಟಪಕ್ಕ ನಾನ ಕರ್ಕೊಂಬರ್ತೀನಿ, ಚಿಂತಿ ಬ್ಯಾಡ." ಹೇಳಿ, ಆಗಿನಿಂದ ಕಾದಿದ್ದ ನೀರನ್ನು ಗಟಗಟ ಕುಡಿದರು.

ಎಲ್ಲರೂ ಚಹಾ ಕುಡಿಯಲು ಮನೆಯ ಕಡೆ ನಡೆದರು. ಶಂಭುಲಿಂಗಪ್ಪನವರು ಮಾತ್ರ ಕಚೇರಿಯಲ್ಲಿ ಕುಳಿತು, ಬಾಗಿಲು ಮುಂದೆ ಮಾಡಿ, ಹೊಸ ಲಿಂಕನ್ನು ತಮ್ಮ ನಂಬರಿಗೆ ತಾವೇ ಕಳಿಸಿಕೊಂಡರು.

ಚೌಕದ ತುಂಬ ಮಗಳು ಬಂದಳು. ಪಕ್ಕದಲ್ಲಿ ಆ ಹುಡುಗ. ಕೆಳಗೆ ಎರಡೇ ಹೆಸರು, "ತ್ರಿವೇಣಿ, ಶರಣಬಸವ: ಮದುವೆಗೆ ಬನ್ನಿ." ಒಂದಕ್ಷರವೂ ಕಟ್ ಆಗಿರಲಿಲ್ಲ. ಮಾಲೀಕರಿಲ್ಲ, ಮಾಜಿ ನಿರ್ದೇಶಕರಿಲ್ಲ, ಪೇಟವಿಲ್ಲ. ಹುಡುಗಿ ಎಷ್ಟು ನಗುತ್ತಿದ್ದಾಳೆ! ಇನ್ನು ಇಪ್ಪತ್ತು ದಿನ, ಆಮೇಲೆ ಇವಳು ಸಂಡೂರಿನವಳು. ಅವರಿಗೆ ಕುಣಿಯುವಷ್ಟು ಸಂತೋಷವಾಯಿತು, ಅಷ್ಟೇ ಸಂಕಟವೂ ಆಯಿತು. ಮದುವೆಗೆ ಬನ್ನಿ ಎಂದು ಕರೆಸಿಕೊಂಡ ಮೊದಲನೆಯವರು ತಾವೇ ಎನ್ನುವುದೂ ಆಗ ಹೊಳೆಯಿತು. ಕರೆದ ಮೇಲೆ ಉತ್ತರ ಕೊಡುವುದು ಮರ್ಯಾದೆ. "ತಪ್ಪದೆ ಬರ್ತೀವಿ" ಎಂದು ಬರೆದು, ಅದನ್ನೂ ತಮಗೇ ಕಳಿಸಿಕೊಂಡರು.

ಸುಧಾರಾಣಿಯವರು ಚಹಾ ತಂದಿಟ್ಟು, ಹೆಗಲ ಮೇಲಿನಿಂದ ಇಣುಕಿದರು.

"ಹೆಂಗ ಬಂದೈತಿ?"

"ಭಾಳ ಚೆಂದ ಬಂದೈತಿ."

"ಮತ್ತ ನೀವ ಕಾಣವಲ್ರಿ?"

ಶಂಭುಲಿಂಗಪ್ಪನವರು ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸಿಕೊಂಡರು. ಫೋನನ್ನು ಹೆಂಡತಿಯ ಕೈಗೆ ಕೊಟ್ಟರು.

"ಒತ್ತಿ ನೋಡು" ಅಂದರು. "ಒಳಗ ಅದೀನಿ."